ಸರ್ಕಾರಿ ಕೆಲಸದಲ್ಲಿ ಗಾಯವಾದರೆ: ಮನೆಯ ಹೆಂಗಸರು ತಿಳಿದಿರಬೇಕಾದ ಹಕ್ಕುಗಳು

(ನಮ್ಮ ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ಈ ತಿಂಗಳು ನೀವು ಮಾತಾಡಿ, ವಿಷಯ ನಿಮ್ಮದೇ" ಅಂದರು. ಹೋದ ಸಲ ಮಂಡಿನೋವಿನ ಬಗ್ಗೆ ಡಾಕ್ಟರಮ್ಮ ಚೆನ್ನಾಗಿ ಹೇಳಿದ್ದರು, ಅದಕ್ಕೂ ಮೊದಲು ಸಿರಿಧಾನ್ಯದ ಅಡುಗೆ ಆಗಿತ್ತು. ನನಗೆ ಇವೆರಡೂ ಬರುವುದಿಲ್ಲ. ಕಾರ್ಮಿಕ ಪ್ರಕರಣಗಳನ್ನು ನಡೆಸುವ ವಕೀಲರ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕಡತ ನೋಡಿಕೊಂಡವಳು ನಾನು. ಗೊತ್ತಿರುವುದನ್ನೇ ಹೇಳುತ್ತೇನೆ. ಸರ್ಕಾರದ ಕೆಲಸ ಮಾಡುವಾಗ ನಮ್ಮ ಮನೆಯವರಿಗೆ ಗಾಯವಾದರೆ ನಮಗಿರುವ ಹಕ್ಕುಗಳೇನು ಎಂಬುದೇ ಇವತ್ತಿನ ವಿಷಯ.

"ನಮ್ಮ ಮನೆಯಲ್ಲಿ ಎಲ್ಲರೂ ಸಾಫ್ಟ್‌ವೇರ್, ನಮಗೇಕೆ ಇದು?" ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಿಮ್ಮ ಬೀದಿಯ ಕಸ ಒಯ್ಯುವವರು, ಮಳೆಗಾಲದ ರಾತ್ರಿ ಕಂಬ ಹತ್ತುವವರು, ನಿಮ್ಮ ಮನೆಗೆಲಸಕ್ಕೆ ಬರುವವಳ ಗಂಡ, ಊರಲ್ಲಿರುವ ನಿಮ್ಮ ಅಣ್ಣನ ಮಗ, ಇವರಲ್ಲಿ ಯಾರಾದರೊಬ್ಬರಿಗೆ ಈ ಮಾತು ಬೇಕಾಗುತ್ತದೆ. ಗಾಯವಾದವರು ಹಾಸಿಗೆಯಲ್ಲಿ ಇರುತ್ತಾರೆ. ಓಡಾಡುವವಳು, ಕಾಗದಕ್ಕೆ ರುಜು ಹಾಕುವವಳು ಮನೆಯ ಹೆಂಗಸು. ಅದಕ್ಕೇ ಈ ವಿಷಯ ಮಹಿಳಾ ವೇದಿಕೆಗೇ ಸರಿ ಅಂದುಕೊಂಡೆ.

ನಮ್ಮಪ್ಪನ ಹೆಬ್ಬೆಟ್ಟು

ಮೊದಲು ಮನೆಯ ಮಾತು. ನಮ್ಮಪ್ಪ ಬೀದರ್ ಕಡೆಯವರು. ಹೈದರಾಬಾದಿಗೆ ಬಂದು ಒಂದು ಸರ್ಕಾರಿ ಇಲಾಖೆಯ ವರ್ಕ್‌ಶಾಪಿನಲ್ಲಿ ದಿನಗೂಲಿಯ ಮೇಲೆ ಸೇರಿದರು. ಹನ್ನೊಂದು ವರ್ಷ ದಿನಗೂಲಿಯಾಗಿಯೇ ಉಳಿದರು. 1984ರ ಒಂದು ಬೆಳಿಗ್ಗೆ ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳು ಮಾತ್ರ ಉಳಿಯಿತು.

ಹತ್ತು ದಿನದ ಮೇಲೆ ಕಚೇರಿಯಿಂದ ಒಬ್ಬರು ಮನೆಗೆ ಬಂದರು. ಒಳ್ಳೆಯ ಮಾತಾಡಿದರು, ಚಹಾ ಕುಡಿದರು, ಹದಿನೈದು ನೂರು ರೂಪಾಯಿಯ ಲಕೋಟೆ ಮತ್ತು ಒಂದು ಟೈಪ್ ಮಾಡಿದ ಕಾಗದ ಮುಂದಿಟ್ಟರು. ಅಪ್ಪನಿಗೆ ಕನ್ನಡ, ಉರ್ದು ಎರಡರಲ್ಲೂ ರುಜು ಮಾಡಲು ಬರುತ್ತಿತ್ತು. ಆದರೆ ಬಲಗೈ ಪೂರ್ತಿ ಬ್ಯಾಂಡೇಜು. ಹಾಗಾಗಿ ಎಡಗೈ ಹೆಬ್ಬೆಟ್ಟು ಒತ್ತಿದರು. ಸಾಕ್ಷಿ ಎಂದು ಅಮ್ಮ ಕನ್ನಡದಲ್ಲಿ ತನ್ನ ಹೆಸರು ಬರೆದಳು. ಕಾಗದ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದವರಿಲ್ಲ. ಎಷ್ಟೋ ವರ್ಷದ ಮೇಲೆ ಅದರ ಕಾರ್ಬನ್ ಪ್ರತಿ ಟ್ರಂಕಿನಲ್ಲಿ ಸಿಕ್ಕಿ ನಾನು ಓದಿದೆ. "ನನಗೆ ಪೂರ್ಣ ತೃಪ್ತಿಯಾಗಿದೆ, ಮುಂದೆ ಯಾವ ಬೇಡಿಕೆಯೂ ಇಲ್ಲ" ಎಂಬುದು ಅದರ ಸಾರ.

ಎಂಟು ತಿಂಗಳ ನಂತರ ಅಪ್ಪನಿಗೆ ಕೆಲಸವೂ ಇಲ್ಲ ಅಂದರು. ಅಮ್ಮ ಹಪ್ಪಳ ಸಂಡಿಗೆ ಮಾಡಿ ಮನೆ ನಡೆಸಿದಳು. ಮೂರು ವರ್ಷದ ಮೇಲೆ ಯೂನಿಯನ್ನಿನವರೊಬ್ಬರು "ಅರ್ಜಿ ಹಾಕಿದ್ದರೆ ಪರಿಹಾರ ಬರುತ್ತಿತ್ತಲ್ಲ" ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಸರ್ಕಾರದ ಮೇಲೆ ಅರ್ಜಿ ಹಾಕಬಹುದಾ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ಈ ಕೆಲಸಕ್ಕೆ ಬಂದೆ ಅಂದರೂ ತಪ್ಪಲ್ಲ. ಉತ್ತರ: ಹಾಕಬಹುದು. 1923ರ ಕಾಯ್ದೆಯಡಿಯಲ್ಲೇ ಹಾಕಬಹುದಿತ್ತು.

ಸಂವಿಧಾನ ಏನು ಹೇಳುತ್ತದೆ

ಮೊದಲು ಬುನಾದಿ. ಸಂವಿಧಾನದ 300ನೇ ವಿಧಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಮೇಲೆ ಅವುಗಳ ಹೆಸರಿನಲ್ಲೇ ದಾವೆ ಹೂಡಬಹುದು ಎನ್ನುತ್ತದೆ. 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ. 21ನೇ ವಿಧಿ ಜೀವಿಸುವ ಹಕ್ಕನ್ನು ಕೊಡುತ್ತದೆ. ಇವಲ್ಲದೆ ನಿರ್ದೇಶಕ ತತ್ವಗಳಲ್ಲಿ ಎರಡನ್ನು ನೆನಪಿಡಿ. ಕಾಯಿಲೆ, ಅಂಗವೈಕಲ್ಯ ಬಂದಾಗ ಸರ್ಕಾರ ತನ್ನ ಶಕ್ತಿ ಇದ್ದಷ್ಟು ನೆರವಾಗಬೇಕು ಎಂಬುದು 41ನೇ ವಿಧಿ. ಕೆಲಸದ ಸ್ಥಿತಿಗತಿ ನ್ಯಾಯಯುತವಾಗಿ, ಮಾನವೀಯವಾಗಿ ಇರುವಂತೆ ನೋಡಿಕೊಳ್ಳಬೇಕು ಎಂಬುದು 42ನೇ ವಿಧಿ.

ನಿರ್ದೇಶಕ ತತ್ವಗಳನ್ನು ಹಿಡಿದು ನೇರವಾಗಿ ಕೋರ್ಟಿಗೆ ಹೋಗಲಾಗದು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಅದು ನಿಜ. ಆದರೆ ಸುಪ್ರೀಂ ಕೋರ್ಟು ಅವನ್ನು 21ನೇ ವಿಧಿಯ ಜೊತೆ ಕೂಡಿಸಿ ಓದಿತು. 1995ರ ಜನವರಿಯಲ್ಲಿ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ತೀರ್ಪು ಬಂತು. ಬರೆದವರು ನಮ್ಮ ನೆರೆಯ ಆಂಧ್ರದ ನ್ಯಾಯಮೂರ್ತಿ ಕೆ. ರಾಮಸ್ವಾಮಿ. ಕೆಲಸದಲ್ಲಿರುವಾಗಲೂ, ನಿವೃತ್ತಿಯಾದ ಮೇಲೂ ಕಾರ್ಮಿಕನ ಆರೋಗ್ಯ ಮತ್ತು ಚಿಕಿತ್ಸೆ ಜೀವಿಸುವ ಹಕ್ಕಿನ ಭಾಗ ಎಂದು ಅದು ಸಾರಿತು.

ಇನ್ನೊಂದು ನಮ್ಮ ಮೂಸಿ ದಂಡೆಯ ಹೈಕೋರ್ಟಿನ ಮಾತು. ರಾಯಲಸೀಮೆಯ ಒಂದು ಸಬ್‌ಜೈಲಿನಲ್ಲಿದ್ದ ವಿಚಾರಣಾ ಕೈದಿಯೊಬ್ಬರು ಹೊರಗಿನವರ ಬಾಂಬ್ ದಾಳಿಗೆ ಬಲಿಯಾದರು. ಅವರ ಮಗ ಪರಿಹಾರ ಕೇಳಿದಾಗ ಸರ್ಕಾರ, "ಜೈಲು ನಡೆಸುವುದು ಪ್ರಭುತ್ವದ ಕೆಲಸ, ಅದಕ್ಕೆ ನಾವು ಹೊಣೆಯಲ್ಲ" ಎಂದು ವಾದಿಸಿತು. ಜೀವಿಸುವ ಹಕ್ಕಿಗೆ ಧಕ್ಕೆಯಾದಾಗ ಆ ರಾಜಮಹಾರಾಜರ ಕಾಲದ ವಾದ ನಡೆಯದು ಎಂದು ಆಂಧ್ರ ಪ್ರದೇಶ ಹೈಕೋರ್ಟು 1989ರಲ್ಲಿ ಹೇಳಿತು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದು ನೌಕರರ ಪ್ರಕರಣವಲ್ಲ, ಸರಿ. ಆದರೆ ಅಮ್ಮನ ಪ್ರಶ್ನೆಗೆ ಅದರಲ್ಲೂ ಉತ್ತರವಿದೆ.

1923ರ ಕಾಯ್ದೆ, 2020ರ ಸಂಹಿತೆ

ಸಂವಿಧಾನ ಬುನಾದಿಯಾದರೆ ಅರ್ಜಿ ಹಾಕುವ ಬಾಗಿಲು ಬೇರೆ ಇದೆ. ಅದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. 2010ರಿಂದ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದಾಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯ ಬಹುಪಾಲು ಸಾರ ಈ ಸಂಹಿತೆಯ 7ನೇ ಅಧ್ಯಾಯಕ್ಕೆ ಬಂದಿದೆ. ಮೊದಲು "ಆಯುಕ್ತರು" ಎನ್ನುತ್ತಿದ್ದವರಿಗೆ ಈಗ "ಸಕ್ಷಮ ಪ್ರಾಧಿಕಾರ" ಎಂಬ ಹೆಸರು. ಅದಕ್ಕೆ ಮೊದಲು ಆದ ಅಪಘಾತಗಳ ಕಡತಗಳು ಇನ್ನೂ ಹಳೆಯ ಕಾಯ್ದೆಯ ಭಾಷೆಯಲ್ಲೇ ನಡೆಯುತ್ತಿರುವುದರಿಂದ ನಾನು ಆ ಸೆಕ್ಷನ್ನುಗಳನ್ನೇ ಹೇಳುತ್ತೇನೆ.

ಮುಖ್ಯವಾದದ್ದು ಎರಡನೇ ಸೆಕ್ಷನ್ನಿನ ಎರಡನೇ ಉಪವಿಭಾಗ. ಸ್ಥಳೀಯ ಸಂಸ್ಥೆ ಅಥವಾ ಸರ್ಕಾರಿ ಇಲಾಖೆ ತನ್ನ ಕರ್ತವ್ಯ ನಡೆಸುವುದನ್ನು, ಈ ಕಾಯ್ದೆಯ ಮಟ್ಟಿಗೆ, ಅದರ ವ್ಯಾಪಾರ ಅಥವಾ ಉದ್ಯಮ ಎಂದೇ ತಿಳಿಯಬೇಕು ಎಂದು ಅಲ್ಲಿದೆ. ಬ್ರಿಟಿಷರ ಕಾಲದಲ್ಲೇ ಬರೆದ ಮಾತು ಅದು. "ನಾವು ಕಾರ್ಖಾನೆಯಲ್ಲ, ಸರ್ಕಾರ" ಎಂದು ಇಲಾಖೆ ತಪ್ಪಿಸಿಕೊಳ್ಳುವಂತಿಲ್ಲ.

ಯಾರಿಗೆ ಸಿಗುತ್ತದೆ? ಎರಡನೇ ಅನುಸೂಚಿಯಲ್ಲಿ ಕೆಲಸಗಳ ಪಟ್ಟಿ ಇದೆ. ವಾಹನ ನಡೆಸುವವರು, ರಿಪೇರಿ ಮಾಡುವವರು, ವಿದ್ಯುತ್ ತಂತಿ ಎಳೆಯುವವರು, ಒಳಚರಂಡಿ ಕೆಲಸದವರು, ಅಗ್ನಿಶಾಮಕ ದಳದವರು ಹೀಗೆ. ಕಾಯಂ, ದಿನಗೂಲಿ ಎಂಬ ಭೇದ ಅಲ್ಲಿಲ್ಲ. ಸೈನ್ಯದವರಿಗೆ ಬೇರೆ ನಿಯಮಗಳಿವೆ. ಇ.ಎಸ್.ಐ. ಕಾರ್ಡು ಇರುವವರು ಕೆಲಸದ ಗಾಯಕ್ಕೆ ಆ ಯೋಜನೆಯಲ್ಲೇ ಕೇಳಬೇಕು, ಎರಡೂ ಕಡೆ ಕೇಳಲಾಗದು. ಕೇಂದ್ರ ಸರ್ಕಾರದ ನೌಕರರು ಕರ್ತವ್ಯದ ಮೇಲಿದ್ದಾಗ ಅಪಘಾತದಲ್ಲಿ ತೀರಿಕೊಂಡರೆ ಏಳನೇ ವೇತನ ಆಯೋಗದ ನಂತರ ಕುಟುಂಬಕ್ಕೆ 25 ಲಕ್ಷ ರೂಪಾಯಿಯ ಅನುಗ್ರಹ ಮೊತ್ತವಿದೆ. ಅಸಾಧಾರಣ ಪಿಂಚಣಿ ನಿಯಮಗಳೂ ಇವೆ. ಆದ್ದರಿಂದ ಮೊದಲು ವಿಚಾರಿಸಬೇಕಾದ್ದು: ಗಾಯಗೊಂಡವರು ಯಾವ ಪಟ್ಟಿಯಲ್ಲಿದ್ದಾರೆ?

ಹೆಚ್ಚು ಕಣ್ಣೀರು ನಾನು ನೋಡಿರುವುದು ಗುತ್ತಿಗೆ ಕೆಲಸದವರ ಮನೆಯಲ್ಲಿ. ಕೆಲಸ ಸರ್ಕಾರದ್ದು, ಸಂಬಳ ಕಂಟ್ರಾಕ್ಟರದ್ದು. ಅಪಘಾತವಾದ ಮರುದಿನ ಕಂಟ್ರಾಕ್ಟರ್ ಫೋನ್ ಎತ್ತುವುದಿಲ್ಲ. ಇಲಾಖೆಯವರು "ನಮ್ಮ ಪಟ್ಟಿಯಲ್ಲಿ ಇವನ ಹೆಸರಿಲ್ಲ" ಎನ್ನುತ್ತಾರೆ. ಇದಕ್ಕೆ 12ನೇ ಸೆಕ್ಷನ್ ಇದೆ. ತನ್ನ ಕೆಲಸವನ್ನು ಗುತ್ತಿಗೆ ಕೊಟ್ಟವರೇ ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಕಂಟ್ರಾಕ್ಟರನಿಂದ ವಸೂಲು ಮಾಡಿಕೊಳ್ಳಲಿ. ಅವರಿಬ್ಬರ ಜಗಳ ನಮ್ಮ ತಲೆಗೆ ಬರಬೇಕಿಲ್ಲ.

ಮ್ಯಾನ್‌ಹೋಲಿಗೆ ಇಳಿಸಿದವರ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು ಕಾನೂನಿಗೆ ವಿರುದ್ಧ. ಆದರೂ ಇಳಿಸುತ್ತಾರೆ, ಸಾಯುತ್ತಾರೆ. 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟು ಸಾವಿಗೆ 30 ಲಕ್ಷ, ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷಕ್ಕೆ ಕಡಿಮೆಯಿಲ್ಲದಂತೆ, ಇತರ ಅಂಗವೈಕಲ್ಯಕ್ಕೆ 10 ಲಕ್ಷಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕು ಎಂದಿದೆ.

ದಾರಿಯಲ್ಲಿ ಆದ ಅಪಘಾತ

"ಕೆಲಸದ ಜಾಗದಲ್ಲಿ ಆಗಿಲ್ಲವಲ್ಲ, ದಾರಿಯಲ್ಲಿ ಆಗಿದೆ" ಎಂಬ ಮಾತನ್ನು ಎಷ್ಟೋ ಜನ ಕೇಳಿ ಸುಮ್ಮನಾಗುತ್ತಾರೆ. ಇದಕ್ಕೆ ಎರಡು ತೀರ್ಪು ನೆನಪಿಡಿ. ಎರಡರಲ್ಲೂ ಹೋರಾಡಿದವರು ಹೆಂಡತಿಯರು.

ಮೊದಲನೆಯದು 1963ರದು. ಮುಂಬಯಿಯ ಬೆಸ್ಟ್ ಬಸ್ ಸಂಸ್ಥೆಯ ಚಾಲಕರೊಬ್ಬರು 1957ರ ಜುಲೈಯಲ್ಲಿ ಜೋಗೇಶ್ವರಿ ಡಿಪೋದಲ್ಲಿ ಕೆಲಸ ಮುಗಿಸಿ ಅದೇ ಸಂಸ್ಥೆಯ ಇನ್ನೊಂದು ಬಸ್ಸು ಹತ್ತಿ ಮನೆಗೆ ಹೊರಟರು. ಬಸ್ಸು ನಿಂತ ಲಾರಿಗೆ ಗುದ್ದಿತು. ಕೆಲದಿನಗಳಲ್ಲಿ ಅವರು ತೀರಿಕೊಂಡರು. ಡ್ಯೂಟಿ ಮುಗಿದಿತ್ತು ಎಂಬುದು ಸಂಸ್ಥೆಯ ವಾದ. ಅವರ ಹೆಂಡತಿ ಆಗ್ನೆಸ್ ಬಿಡಲಿಲ್ಲ. ಕೆಲಸ ಎನ್ನುವುದು ಗೇಟಿನ ಹೊರಗೂ ಸ್ವಲ್ಪ ದೂರ ಚಾಚಿಕೊಂಡಿರಬಹುದು ಎಂದು ಒಪ್ಪಿ ಸುಪ್ರೀಂ ಕೋರ್ಟು ಆಕೆಯ ಪರ ತೀರ್ಪು ಕೊಟ್ಟಿತು.

ಎರಡನೆಯದು 2025ರ ಜುಲೈ 29ರದು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನಿಗೆ ಬೆಳಗಿನ ಜಾವ ಮೂರರ ಪಾಳಿ. 2003ರ ಏಪ್ರಿಲ್‌ನಲ್ಲಿ ಮೋಟಾರ್‌ಸೈಕಲ್ಲಿನಲ್ಲಿ ಹೋಗುವಾಗ ಕಾರ್ಖಾನೆಗೆ ಐದು ಕಿಲೋಮೀಟರು ಇರುವಾಗ ಅಪಘಾತದಲ್ಲಿ ತೀರಿಕೊಂಡ. ಹೆಂಡತಿ ಮಕ್ಕಳಿಗೆ ಮೊದಲು ಸಿಕ್ಕಿದ್ದ 3,26,140 ರೂಪಾಯಿಯ ಆದೇಶವನ್ನು ಹೈಕೋರ್ಟು ರದ್ದು ಮಾಡಿತ್ತು. ಸುಪ್ರೀಂ ಕೋರ್ಟು ಅದನ್ನು ಮರಳಿ ಕೊಟ್ಟಿತು. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತಕ್ಕೂ, ಹೊತ್ತು, ಜಾಗ, ಸಂದರ್ಭಗಳಿಂದ ಕೆಲಸದೊಡನೆ ನಂಟು ಕಂಡುಬಂದರೆ, ಪರಿಹಾರ ಉಂಟು ಎಂದಿತು. ಅದು ಖಾಸಗಿ ನೌಕರಿ, ಆದರೆ ಕಾನೂನು ಒಂದೇ. ಹೊಸ ಸಂಹಿತೆಯಲ್ಲಂತೂ ಈ ಮಾತು ಬರಹದಲ್ಲೇ ಬಂದಿದೆ. ಇಪ್ಪತ್ತೆರಡು ವರ್ಷ ಆ ಕುಟುಂಬ ಕಾಯಿತು ಎಂಬುದನ್ನೂ ಮರೆಯಬೇಡಿ.

ಹೃದಯಾಘಾತದ ಬಗ್ಗೆ ಎಚ್ಚರ ಬೇಕು. ಕೆಲಸದ ಸಮಯದಲ್ಲಿ ಎದೆನೋವು ಬಂತು ಎಂಬಷ್ಟಕ್ಕೆ ಪರಿಹಾರ ಸಿಗದು. ಕೆಲಸದ ಒತ್ತಡಕ್ಕೂ ಸಾವಿಗೂ ನಂಟು ತೋರಿಸಬೇಕು. ಡ್ಯೂಟಿ ಚಾರ್ಟು, ಸತತ ಪಾಳಿಗಳ ದಾಖಲೆ ಇವೆಲ್ಲ ಆಗ ಬೇಕಾಗುತ್ತವೆ.

ಎಷ್ಟು ಸಿಗುತ್ತದೆ, ಯಾವಾಗ ಸಿಗಬೇಕು

ಲೆಕ್ಕ ಕಷ್ಟವಿಲ್ಲ. ಸಾವಾದರೆ ತಿಂಗಳ ಸಂಬಳದ ಅರ್ಧವನ್ನು, ಪೂರ್ಣ ಅಂಗವೈಕಲ್ಯವಾದರೆ ಶೇಕಡಾ 60ನ್ನು, ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 2020ರ ಜನವರಿ 3ರ ಅಧಿಸೂಚನೆಯಂತೆ, ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ತಿಂಗಳಿಗೆ 15,000 ರೂಪಾಯಿಯವರೆಗೆ ಮಾತ್ರ ಹಿಡಿಯುತ್ತಾರೆ. 40 ವರ್ಷದವರಿಗೆ ಆ ಸಂಖ್ಯೆ 184.17. ಹಾಗಾದರೆ ಸಾವಿಗೆ 7,500ನ್ನು 184.17ರಿಂದ ಗುಣಿಸಿದರೆ 13,81,275 ರೂಪಾಯಿ. ಪೂರ್ಣ ಅಂಗವೈಕಲ್ಯಕ್ಕೆ 16,57,530. ಭಾಗಶಃ ಗಾಯಕ್ಕೆ ಮೊದಲನೇ ಅನುಸೂಚಿಯಲ್ಲಿ ಶೇಕಡಾವಾರು ಪಟ್ಟಿಯೇ ಇದೆ. ಒಂದು ಕೈಯ ನಾಲ್ಕು ಬೆರಳು ಹೋದರೆ ಶೇಕಡಾ 50. ಅಂದರೆ ನಮ್ಮಪ್ಪನಂಥವರಿಗೆ ಈ ಲೆಕ್ಕದಲ್ಲಿ 8,28,765 ರೂಪಾಯಿ. 1984ರಲ್ಲಿ ಸಂಬಳವೂ ಲೆಕ್ಕವೂ ಬೇರೆ ಇದ್ದವು, ನಿಜ. ಆದರೂ ಹದಿನೈದು ನೂರರ ಲಕೋಟೆಯಂತೂ ಅಲ್ಲ.

ಆ ಪಟ್ಟಿಯೇ ಕೊನೆಯ ಮಾತೂ ಅಲ್ಲ. ಒಬ್ಬ ಬಡಗಿಯ ಎಡತೋಳನ್ನು ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಅದು ಪೂರ್ಣ ಅಂಗವೈಕಲ್ಯವಲ್ಲ. ಆದರೆ ಒಂದೇ ಕೈಯಲ್ಲಿ ಬಡಗಿಯ ಕೆಲಸ ಸಾಗದು, ಆದ್ದರಿಂದ ಇವನ ಮಟ್ಟಿಗೆ ಅದು ಪೂರ್ಣವೇ ಎಂದು 1975ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಪರಿಹಾರ ಕೊಡುವ ಹೊಣೆ ಅಪಘಾತವಾದ ದಿನವೇ ಹುಟ್ಟುತ್ತದೆ, ಆದೇಶ ಬಂದ ದಿನವಲ್ಲ ಎಂದೂ ಅದೇ ತೀರ್ಪು ಹೇಳಿತು. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12 ಬಡ್ಡಿ. ಸಕಾರಣವಿಲ್ಲದೆ ತಡ ಮಾಡಿದರೆ ಶೇಕಡಾ 50ರವರೆಗೆ ದಂಡ. ಕೆಲಸದ ಗಾಯದ ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಮಾಲೀಕರು ಕೊಡಬೇಕು. ಆದ್ದರಿಂದ ಔಷಧಿ ಅಂಗಡಿಯ ಚೀಟಿ ಬಿಸಾಡಬೇಡಿ.

ಹೆಂಗಸಿನ ಕೈಗೆ ಕೊಟ್ಟ ಹಣ

ಈಗ ನಮ್ಮ ವೇದಿಕೆಯವರು ಕಿವಿಗೊಟ್ಟು ಕೇಳಬೇಕಾದ ಎಂಟನೇ ಸೆಕ್ಷನ್. ಸಾವಿನ ಪರಿಹಾರವನ್ನಾಗಲಿ, ಹೆಂಗಸಿಗೆ ಸಲ್ಲಬೇಕಾದ ಇಡೀ ಗಂಟನ್ನಾಗಲಿ ಮಾಲೀಕರು ನೇರವಾಗಿ ಕೈಗೆ ಕೊಡುವಂತಿಲ್ಲ. ಆಯುಕ್ತರಲ್ಲಿ ಠೇವಣಿ ಇಡಬೇಕು. ಕೈಗೆ ಕೊಟ್ಟದ್ದು ಪರಿಹಾರವೆಂದೇ ಲೆಕ್ಕಕ್ಕೆ ಬರದು. ಸಾವಾದಾಗ ಮೂರು ತಿಂಗಳ ಸಂಬಳದವರೆಗೆ ಮುಂಗಡ ಕೊಟ್ಟರೆ ಮಾತ್ರ ಅದನ್ನು ಮುರಿದುಕೊಳ್ಳಬಹುದು.

ಹೆಂಗಸರನ್ನು ಅಪ್ರಾಪ್ತರ ಸಾಲಿನಲ್ಲಿ ನಿಲ್ಲಿಸಿದ್ದಾರಲ್ಲ ಎಂದು ಮೊದಲ ಸಲ ಓದಿದಾಗ ನನಗೂ ಸಿಟ್ಟು ಬಂದಿತ್ತು. ಆದರೆ ನಮ್ಮ ಕಚೇರಿಯಲ್ಲಿ ಎಷ್ಟೋ ವಿಧವೆಯರನ್ನು ಈ ಸೆಕ್ಷನ್ನೇ ಕಾಪಾಡಿದ್ದು ಕಂಡ ಮೇಲೆ ಸಿಟ್ಟು ಇಳಿಯಿತು. ಹಣ ಕೈಗೆ ಬಂದಿದ್ದರೆ ಮೈದುನನ ಸಾಲಕ್ಕೋ ಭಾವನ ಅಂಗಡಿಗೋ ಹೋಗುತ್ತಿತ್ತು. ಠೇವಣಿಯಾದ ಹಣ ಮಕ್ಕಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಉಳಿಯಿತು. ಒಂಬತ್ತನೇ ಸೆಕ್ಷನ್ನಿನ ಪ್ರಕಾರ ಸಾಲಗಾರರು ಈ ಹಣವನ್ನು ಜಪ್ತಿ ಮಾಡುವಂತೆಯೂ ಇಲ್ಲ.

ಇನ್ನು ಹದಿನೇಳನೇ ಸೆಕ್ಷನ್. "ನನಗೆ ಪರಿಹಾರ ಬೇಡ" ಎಂದು ನೌಕರ ಬರೆದುಕೊಟ್ಟ ಯಾವ ಒಪ್ಪಂದಕ್ಕೂ ಬೆಲೆಯಿಲ್ಲ. ರಾಜಿಯಾದರೂ ಅದನ್ನು ಆಯುಕ್ತರಲ್ಲಿ ನೋಂದಾಯಿಸಬೇಕು. ಅಂದರೆ ನಮ್ಮಪ್ಪನ ಹೆಬ್ಬೆಟ್ಟಿನ ಕಾಗದ ಒತ್ತಿದ ದಿನವೇ ಅಮಾನ್ಯವಾಗಿತ್ತು. ಅದು ಗೊತ್ತಿಲ್ಲದೆ ಅಮ್ಮ ಸುಮ್ಮನಾದಳು. "ನಾನೇ ಸಾಕ್ಷಿ ಹಾಕಿದ್ದೇನೆ, ಯಾವ ಮುಖ ಇಟ್ಟುಕೊಂಡು ಕೇಳಲಿ?" ಎನ್ನುತ್ತಿದ್ದಳು. ಅರ್ಜಿಗೆ ಎರಡು ವರ್ಷದ ಗಡುವು. ತಡವಾದರೂ ಸಕಾರಣ ಇದ್ದರೆ ಆಯುಕ್ತರು ಅರ್ಜಿ ತೆಗೆದುಕೊಳ್ಳಬಹುದು ಎಂಬ ಮಾತೂ ಅದೇ ಹತ್ತನೇ ಸೆಕ್ಷನ್ನಿನಲ್ಲಿದೆ. ಅದನ್ನೂ ನಮಗೆ ಹೇಳಿದವರಿಲ್ಲ. 2017ರ ತಿದ್ದುಪಡಿಯ ನಂತರ, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಈ ಹಕ್ಕುಗಳನ್ನು ನೌಕರನಿಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯಲ್ಲಿ ತಿಳಿಸುವುದು ಮಾಲೀಕರ ಕರ್ತವ್ಯ ಎಂದಾಗಿದೆ.

ಕೆಲಸ ಉಳಿಸಿಕೊಳ್ಳುವ ಹಕ್ಕು

ಪರಿಹಾರದ ಹಣ ಒಂದು ಕಡೆ, ನೌಕರಿ ಇನ್ನೊಂದು ಕಡೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ನಿನ ನಾಲ್ಕನೇ ಉಪವಿಭಾಗ ಹೇಳುವುದು ಇದು: ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದ್ದ ಕೆಲಸಕ್ಕೆ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಹುದ್ದೆ ಖಾಲಿ ಇಲ್ಲದಿದ್ದರೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. 1995ರ ಹಳೆಯ ಕಾಯ್ದೆಯಲ್ಲೂ ಇದೇ ರಕ್ಷಣೆ ಇತ್ತು. ಕರ್ತವ್ಯದಲ್ಲಿ ಕಾಲು ಕಳೆದುಕೊಂಡ ಪೇದೆಯೊಬ್ಬರನ್ನು ಪಿಂಚಣಿ ಕೊಟ್ಟು ಮನೆಗೆ ಕಳಿಸಿದ್ದು ತಪ್ಪೆಂದು 2003ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ನಮ್ಮ ಊರಿನದೇ ಉದಾಹರಣೆ ಬೇಕೆಂದರೆ ಇಲ್ಲಿಯ ಆರ್.ಟಿ.ಸಿ. ಇದೆ. 1932ರಲ್ಲಿ ನಿಜಾಮರ ರೈಲ್ವೆಯ ಒಂದು ವಿಭಾಗವಾಗಿ 27 ಬಸ್ಸು, 166 ಜನ ನೌಕರರಿಂದ ಶುರುವಾದ ಸಂಸ್ಥೆ ಇದು. ಅದರ ಚಾಲಕರೊಬ್ಬರಿಗೆ ಬಣ್ಣಗುರುಡು ಎಂದು ಗೊತ್ತಾದಾಗ 2016ರಲ್ಲಿ ವೈದ್ಯಕೀಯ ಕಾರಣ ಕೊಟ್ಟು ನಿವೃತ್ತಿ ಮಾಡಿದರು. ಬೇರೆ ಕೆಲಸ ಕೊಡಿ ಎಂದು ಕೇಳಿದರೂ ಕೊಡಲಿಲ್ಲ. 2025ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜೆ.ಕೆ. ಮಾಹೇಶ್ವರಿ ಮತ್ತು ನಮ್ಮ ಕರ್ನಾಟಕದವರಾದ ಅರವಿಂದ ಕುಮಾರ್ ತೀರ್ಪು ಕೊಟ್ಟರು. ಎಂಟು ವಾರದೊಳಗೆ ಹೊಂದುವ ಹುದ್ದೆ ಕೊಡಬೇಕು, ಬಾಕಿ ಸಂಬಳದ ಶೇಕಡಾ 25 ಕೊಡಬೇಕು ಎಂದರು. ಆ ಚಾಲಕರ ಕೈಹಿಡಿದದ್ದು ಯಾವುದು ಗೊತ್ತೇ? 1979ರ ಡಿಸೆಂಬರಿನಲ್ಲಿ ಸಂಸ್ಥೆ ಮತ್ತು ಯೂನಿಯನ್ನುಗಳ ನಡುವೆ ಆದ ಒಂದು ಒಪ್ಪಂದ. ಬಣ್ಣಗುರುಡು ಚಾಲಕರಿಗೆ ಬೇರೆ ಕೆಲಸ ಕೊಡಬೇಕೆಂದು ಅದರಲ್ಲಿತ್ತು. ನಲವತ್ತೈದು ವರ್ಷ ಹಳೆಯ ಕಾಗದ! ನಮ್ಮ ಟ್ರಂಕಿನ ಕಾಗದ ನಮ್ಮ ಬಾಯಿ ಮುಚ್ಚಿಸಿತ್ತು, ಈ ಕಾಗದ ಅವರ ನೌಕರಿ ಉಳಿಸಿತು. ಕಾಗದ ಓದುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ನಾವು ಮಾಡಬೇಕಾದದ್ದು

ಕೊನೆಯದಾಗಿ, ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳುವಷ್ಟು ಚಿಕ್ಕ ಪಟ್ಟಿ.

1. ಅಪಘಾತವಾದ ಕೂಡಲೇ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ. ದಿನ, ಹೊತ್ತು, ಜಾಗ, ಕಾರಣ ನಾಲ್ಕು ಸಾಲು ಸಾಕು. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

2. ಆಸ್ಪತ್ರೆಯ ದಾಖಲೆಯಲ್ಲಿ "ಕೆಲಸದಲ್ಲಿ ಆದ ಗಾಯ" ಎಂದು ಬರೆಸಿ. ಗಾಬರಿಯಲ್ಲಿ "ಮನೆಯಲ್ಲಿ ಬಿದ್ದರು" ಎಂದು ಯಾರಾದರೂ ಹೇಳಿಬಿಟ್ಟರೆ ಮುಂದೆ ಕಷ್ಟ.

3. ಓದದ ಕಾಗದಕ್ಕೆ ರುಜು ಬೇಡ. "ನಾಳೆ ಬನ್ನಿ, ಮಗಳಿಗೆ ತೋರಿಸುತ್ತೇನೆ" ಅನ್ನಿ. ಒಳ್ಳೆಯವರು ನಾಳೆಯೂ ಬರುತ್ತಾರೆ.

4. ಸಂಬಳದ ಚೀಟಿ, ಹಾಜರಿ ಪುಸ್ತಕದ ಫೋಟೊ, ಗುರುತಿನ ಚೀಟಿ ಜೋಪಾನ. ಇಲಾಖೆ ದಾಖಲೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವಿದೆ.

5. ಎರಡು ವರ್ಷ ದಾಟಬೇಡಿ. ತೆಲಂಗಾಣದಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿಗಳೇ ಈ ಅರ್ಜಿಗಳನ್ನು ವಿಚಾರಣೆ ಮಾಡುತ್ತಾ ಬಂದಿದ್ದಾರೆ. ದಾಟಿಹೋಗಿದ್ದರೂ ವಕೀಲರನ್ನು ಕೇಳದೆ ಕೈಬಿಡಬೇಡಿ.

6. ವಕೀಲರಿಗೆ ಹಣವಿಲ್ಲ ಎಂಬ ಚಿಂತೆ ಬೇಡ. ಸಂವಿಧಾನದ 39ಎ ವಿಧಿ ಮತ್ತು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ 15100.

ಏಳನೆಯದು ನಮ್ಮ ವೇದಿಕೆಗೆ. ಸಾವು ಸಂಭವಿಸಿದ ಪ್ರಕರಣಗಳಲ್ಲಿ, ಯಾವುದೇ ಮೂಲದಿಂದ ಸುದ್ದಿ ತಿಳಿದರೂ ಆಯುಕ್ತರು ಮಾಲೀಕರಿಗೆ ನೋಟಿಸು ಕೊಟ್ಟು 30 ದಿನದಲ್ಲಿ ಹೇಳಿಕೆ ಕೇಳಬಹುದು ಎಂದು 10ಎ ಸೆಕ್ಷನ್ ಹೇಳುತ್ತದೆ. ಯಾವುದೇ ಮೂಲ ಅಂದರೆ ನೀವು, ನಾನು, ಈ ವೇದಿಕೆ. ನಿಮ್ಮ ಬೀದಿಯಲ್ಲಿ ಅಂಥದ್ದು ಕಂಡರೆ ಒಂದು ಪತ್ರ ಬರೆಯಿರಿ. ಬರೆಯಲು ಬಾರದಿದ್ದರೆ ನನಗೆ ಫೋನ್ ಮಾಡಿ. ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ.

ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು. ಕೊನೆಯ ದಿನಗಳಲ್ಲಿ ಒಮ್ಮೆ ಅವಳಿಗೆ ಹದಿನೇಳನೇ ಸೆಕ್ಷನ್ನನ್ನು ಕನ್ನಡದಲ್ಲಿ ಓದಿ ಹೇಳಿದೆ. "ಹಾಗಾದರೆ ನನ್ನ ಸಾಕ್ಷಿಯಿಂದ ಏನೂ ಹಾಳಾಗಿರಲಿಲ್ಲ ಅನ್ನು" ಅಂದಳು. ಹೌದಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಾಲ್ಕು ಜನಕ್ಕೆ ಹೇಳು" ಅಂದಳು. ಇವತ್ತು ನಿಮ್ಮ ಮುಂದೆ ಹೇಳಿದ್ದೇನೆ. ನೀವೂ ನಾಲ್ಕು ಜನಕ್ಕೆ ಹೇಳಿ.

ಉಪ್ಪಿಟ್ಟು ಆರುತ್ತಿದೆ, ಪ್ರಶ್ನೆಗಳನ್ನು ಅಲ್ಲಿಯೇ ಕೇಳಿ.